ಸಂಜಯನಿಲ್ಲದ ಆಕಾಶ

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಯುದ್ಧಗಳನ್ನು ಬೋಧಿಸಿದೆ; ಯುದ್ಧಕ್ಕೆ ಹೋದದ್ದು ಮಾತ್ರ ನಿವೃತ್ತನಾದ ಮೇಲೆ. ಮೈಸೂರಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ, ಹಳೆಯ ಮೇಜಿನ ಮುಂದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬಲಗೈಯಲ್ಲಿ ಜಾಯ್‌ಸ್ಟಿಕ್ ಹಿಡಿದು, ಭಾನುವಾರ ರಾತ್ರಿ ಹನ್ನೊಂದೂವರೆಗೆ ನಾನು ೧೯೪೦ರ ಬೇಸಗೆಯ ಇಂಗ್ಲೆಂಡಿಗೆ ಹೊರಡುತ್ತೇನೆ. ಅಲ್ಲಿ ಆಗ ಸಂಜೆ ಏಳು ಗಂಟೆ. ನನ್ನ ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟು, "ಎಷ್ಟು ಹೊತ್ತಿಗೆ ಇಳೀತೀರಿ?" ಎಂದು ಕೇಳಿ ಮಲಗಲು ಹೋಗುತ್ತಾಳೆ. ಆ ಪ್ರಶ್ನೆಗೆ ಉತ್ತರ ವೈಮಾನಿಕನ ಕೈಯಲ್ಲಿಲ್ಲವೆಂದು ಮೊದಲ ದಿನ ಗಂಭೀರವಾಗಿ ಹೇಳಿದೆ. "ಕರೆಂಟಿನ ಕೈಯಲ್ಲಿದೆ ಅನ್ನಿ" ಎಂದಳು. ಅದೂ ನಿಜವೇ.

ಈ ಹುಚ್ಚನ್ನು ಹತ್ತಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ; ಬಹುಕಾಲದಿಂದ ಇಂಗ್ಲೆಂಡಿನಲ್ಲಿ ಎಂಜಿನಿಯರಾಗಿ ನೆಲಸಿರುವವನು. ಊರಿಗೆ ಬಂದಿದ್ದಾಗ ಒಮ್ಮೆ ಮನೆಗೆ ಬಂದು, "ಸಾರ್, ಬ್ರಿಟನ್ನಿನ ವೈಮಾನಿಕ ಕಾಳಗವನ್ನ ನೀವು ಒಂದೇ ಪೀರಿಯಡ್‌ನಲ್ಲಿ ಮುಗಿಸಿಬಿಟ್ರಿ. ನಾವು ಅದನ್ನ ಹದಿನಾರು ವಾರ ಆಡ್ತೀವಿ" ಎಂದ. ಅದು ಆಕ್ಷೇಪಣೆಯೋ ಆಮಂತ್ರಣವೋ ನನಗೆ ತಿಳಿಯಲಿಲ್ಲ. ೧೯೪೦ರ ಜುಲೈ ೧೦ರಿಂದ ಅಕ್ಟೋಬರ್ ೩೧ರವರೆಗೆ ನಡೆದ ಆ ಕಾಳಗಕ್ಕೆ ನಮ್ಮ ಪಠ್ಯಪುಸ್ತಕ ಕೊಟ್ಟಿದ್ದುದು ಒಂದು ಪುಟ. ನಾನು ಕೊಟ್ಟದ್ದು ಐವತ್ತು ನಿಮಿಷ. ಅದರಲ್ಲಿಯೂ ಹತ್ತು ನಿಮಿಷ ಹಾಜರಿಗೆ ಹೋಗಿರಬೇಕು.

ಆಟವೆಂಥದು ಎಂಬುದನ್ನು ಮೊದಲು ಹೇಳಬೇಕು. ಕಂಪ್ಯೂಟರಿನ ಪರದೆಯ ಮೇಲೆ ವಿಮಾನ ಹಾರಿಸುವ ಆಟಗಳನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅವುಗಳಲ್ಲಿ ಒಂದು ಪಂಗಡ ಆಟಕ್ಕಿಂತ ವ್ರತಕ್ಕೆ ಹೆಚ್ಚು ಹತ್ತಿರವಾದುದು. ನಿಜವಾದ ವಿಮಾನದ ತೂಕ, ಎಂಜಿನ್ನಿನ ಬಲ, ರೆಕ್ಕೆಯ ಆಕಾರ, ಗಾಳಿಯ ಒತ್ತಡ ಇವುಗಳನ್ನೆಲ್ಲ ಲೆಕ್ಕಹಾಕಿ, ವಿಮಾನ ಹೇಗೆ ವರ್ತಿಸುತ್ತಿತ್ತೋ ಹಾಗೆಯೇ ವರ್ತಿಸುವಂತೆ ಮಾಡಿದ ಯಂತ್ರಲೋಕ ಅದು. ಇದಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಕನ್ನಡದಲ್ಲಿ ಏನೆನ್ನಬೇಕೆಂದು ನಾನು ಕೆಲವು ದಿನ ಯೋಚಿಸಿದೆ. ಅನುಕರಣೆ ಎಂದರೆ ಸಾಲದು. ಅಣಕು ಎಂದರೆ ಅಣಕಿಸಿದಂತಾಗುತ್ತದೆ. ಆದುದರಿಂದ ಬಂದ ಮಾತನ್ನು ಬಂದ ಹಾಗೆಯೇ ಇಟ್ಟುಕೊಂಡಿದ್ದೇನೆ. ಬೇರೆ ಬೇರೆ ಊರುಗಳಲ್ಲಿ ಕುಳಿತವರು ದೂರವಾಣಿಯ ತಂತಿಯ ಮೂಲಕ ಒಂದೇ ಆಕಾಶದಲ್ಲಿ ಹಾರಿ ಹೋರಾಡುವುದು ೧೯೮೮ರಲ್ಲಿ 'ಏರ್ ವಾರಿಯರ್' ಎಂಬ ಆಟ ಬಂದಾಗಲೇ ಸಾಧ್ಯವಾಗಿತ್ತು; ಆಗ ಆಡುವವರು ಗಂಟೆಗಿಷ್ಟೆಂದು ಹಣ ತೆರುತ್ತಿದ್ದರು. ೨೦೦೧ರಲ್ಲಿ ರಷ್ಯದಿಂದ 'ಇಲ್-೨ ಸ್ಟುರ್ಮೊವಿಕ್' ಬಂತು. ಅದನ್ನು ಮಾಡಿದವರೇ ೨೦೧೧ರಲ್ಲಿ ಬ್ರಿಟನ್ನಿನ ಕಾಳಗವನ್ನು ಕುರಿತು 'ಕ್ಲಿಫ್ಸ್ ಆಫ್ ಡೋವರ್' ಎಂಬುದನ್ನು ಹೊರತಂದರು. ಅದು ಮೊದಲು ಬಂದಾಗ ದೋಷಗಳಿಂದ ತುಂಬಿತ್ತು. ಆಡುವವರಲ್ಲಿಯೇ ಕೆಲವರು 'ಟೀಮ್ ಫ್ಯೂಷನ್' ಎಂಬ ಹೆಸರಿನಲ್ಲಿ ಒಟ್ಟುಗೂಡಿ, ಸಂಬಳವಿಲ್ಲದೆ, ವರ್ಷಗಟ್ಟಲೆ ಅದನ್ನು ತಿದ್ದಿ, ೨೦೧೭ರಲ್ಲಿ ಹೊಸ ರೂಪದಲ್ಲಿ ಹೊರಬರುವಂತೆ ಮಾಡಿದರು. ಹಳೆಯ ಓಲೆಗರಿಯ ಪಾಠವನ್ನು ಪರಿಷ್ಕರಿಸುವ ವಿದ್ವಾಂಸರ ಶ್ರದ್ಧೆಯನ್ನು ನಾನು ಬಲ್ಲೆ. ಇವರದು ಅದಕ್ಕೆ ಕಡಮೆಯದಲ್ಲ.

ಇಂಥ ಆಕಾಶದಲ್ಲಿ ಬಂದವರು ಬಂದಹಾಗೆ ಹೊಡೆದಾಡಿ ಹೋಗುವುದು ಒಂದು ರೀತಿ. ದಂಡಯಾತ್ರೆ ಆಡುವುದು ಇನ್ನೊಂದು. ನನ್ನ ಶಿಷ್ಯ ಸೇರಿದ್ದುದು, ನನ್ನನ್ನು ಸೇರಿಸಿದ್ದುದು ಅದಕ್ಕೆ. ಇಲ್ಲಿ ಎರಡು ಪಕ್ಷಗಳು, ಪಕ್ಷಕ್ಕೆ ಐವತ್ತರ ಆಸುಪಾಸಿನ ಜನ, ವಾರಕ್ಕೊಂದು ಕಾಳಗ. ಈ ವಾರ ಕಳೆದುಹೋದ ವಿಮಾನ ಮುಂದಿನ ವಾರಕ್ಕೆ ತಾನಾಗಿ ಹುಟ್ಟುವುದಿಲ್ಲ. ಬಾಂಬಿಗೆ ಈಡಾದ ನಿಲ್ದಾಣ ಹಾಗೆಯೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ, ಒಬ್ಬನಿಗೆ ಒಂದೇ ಪ್ರಾಣ. ಸತ್ತವನು ಆ ರಾತ್ರಿ ಮತ್ತೆ ಹಾರುವಂತಿಲ್ಲ; ಅವನು ಯಾವ ಹೆಸರಿನಲ್ಲಿ ಹಾರುತ್ತಿದ್ದನೋ ಆ ಹೆಸರಿಗೆ ಪಟ್ಟಿಯಲ್ಲಿ ಗೀಟು ಬೀಳುತ್ತದೆ; ಮುಂದಿನ ವಾರ ಹೊಸ ಹೆಸರಿನ ಹೊಸಬನಾಗಿ, ಮೊದಲ ಮೆಟ್ಟಿಲಿನಿಂದ ಬರಬೇಕು. ಪ್ಯಾರಾಷೂಟಿನಲ್ಲಿ ಇಂಗ್ಲೆಂಡಿನ ಹೊಲಕ್ಕೆ ಇಳಿದ ಆಂಗ್ಲ ವೈಮಾನಿಕ ಮತ್ತೆ ಹಾರಬಹುದು. ಅದೇ ಹೊಲಕ್ಕೆ ಇಳಿದ ಜರ್ಮನ್ನನು ಸೆರೆಯಾಳು. ೧೯೪೦ರಲ್ಲಿ ಇದ್ದುದೂ ಹೀಗೆಯೇ. ಪ್ಯಾರಾಷೂಟಿನಲ್ಲಿ ತೂಗುತ್ತಿರುವವನ ಮೇಲೆ ಗುಂಡು ಹಾರಿಸಬಾರದೆಂಬುದು ಕಟ್ಟಳೆಯಾಗುವ ಮೊದಲೇ ಇವರಲ್ಲಿ ನಡೆದುಬಂದ ಮರ್ಯಾದೆ.

ಪ್ರಾಣಕ್ಕೆ ಬೆಲೆಯಿಲ್ಲದ ಆಟದಲ್ಲಿ ಜನ ತಾವಾಗಿ ಪ್ರಾಣಕ್ಕೆ ಬೆಲೆ ಕಟ್ಟಿಕೊಂಡದ್ದು ನನಗೆ ಮೊದಲು ನಗೆಯನ್ನು ತರಿಸಿತು. ಮೊದಲ ಬಾರಿ ನನ್ನ ಹಿಂದೆ ಒಂದು ಮೆಸ್ಸರ್‌ಶ್ಮಿಟ್ ಕಾಣಿಸಿಕೊಂಡಾಗ ನಗೆ ಹೋಯಿತು. ಅಂಗೈ ಬೆವರಿತ್ತು. ಅರವತ್ತು ದಾಟಿದವನ ಎದೆ ಮಹಡಿಯ ಕೋಣೆಯಲ್ಲಿ ಹಾಗೆ ಹೊಡೆದುಕೊಳ್ಳುವುದು ವೈದ್ಯರಿಗೆ ಒಪ್ಪಿಗೆಯಾಗುವ ವಿಷಯವಲ್ಲ. ಅವರಿಗೆ ನಾನು ಹೇಳಿಯೂ ಇಲ್ಲ.

ನನಗೆ ಕೊಟ್ಟದ್ದು ಸ್ಪಿಟ್‌ಫೈರ್. ಅದರ ಅಂದವನ್ನು ಹೊಗಳಿದವರು ಅನೇಕರು. ಅದರ ತಾಪವನ್ನು ಕುರಿತು ಹೇಳಿದವರು ಕಡಮೆ. ಎಂಜಿನ್ನನ್ನು ತಣಿಸುವ ರೇಡಿಯೇಟರ್ ಬಲರೆಕ್ಕೆಯ ಅಡಿಯಲ್ಲಿದೆ. ನೆಲದ ಮೇಲೆ ನಿಂತಾಗ ಚಕ್ರದ ಕಾಲು ಅದಕ್ಕೆ ಅಡ್ಡವಾಗಿ ಗಾಳಿ ತಟ್ಟುವುದಿಲ್ಲ. ಹೊರಡಲು ತಡಮಾಡಿದರೆ ನೀರು ಕುದಿದು, ಶತ್ರುವಿನ ಮುಖ ಕಾಣುವ ಮೊದಲೇ ಎಂಜಿನ್ ಕೆಟ್ಟುನಿಲ್ಲುತ್ತದೆ. ನನ್ನ ಮೊದಲ ಮೂರು ವಿಮಾನಗಳು ಹೀಗೆ ನೆಲದ ಮೇಲೆಯೇ ವೀರಸ್ವರ್ಗವನ್ನು ಪಡೆದವು. ಇನ್ನೊಂದು ತೊಡಕು ಇದಕ್ಕಿಂತ ಘೋರ. ಮೂತಿಯನ್ನು ಥಟ್ಟನೆ ಕೆಳಕ್ಕೆ ಒತ್ತಿದರೆ ಮರ್ಲಿನ್ ಎಂಜಿನ್ನಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಸರಿಯಾಗಿ ಹರಿಯದೆ ಎಂಜಿನ್ ಕೆಮ್ಮಿ ಒಂದು ಗಳಿಗೆ ಸತ್ತಂತಾಗುತ್ತದೆ. ಜರ್ಮನರ ಎಂಜಿನ್ನಿಗೆ ಪೆಟ್ರೋಲನ್ನು ನೇರವಾಗಿ ಒಳಕ್ಕೆ ಚಿಮ್ಮಿಸುವ ಏರ್ಪಾಡಿತ್ತು. ಅವರು ಮೂತಿ ತಗ್ಗಿಸಿ ಧುಮುಕಿ ಪಾರಾಗುತ್ತಿದ್ದರು, ಇವರು ವಿಮಾನವನ್ನು ಹೊರಳಿಸಿ ಬೆನ್ನಟ್ಟಬೇಕಾಗಿತ್ತು. ೧೯೪೧ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್ ತೂತುಳ್ಳ ಒಂದು ಪುಟ್ಟ ಲೋಹದ ಬಿಲ್ಲೆಯಿಂದ ಇದನ್ನು ಬಹುಮಟ್ಟಿಗೆ ಸರಿಪಡಿಸಿದಳು. ನಾವು ಹಾರುವುದು ೧೯೪೦ರಲ್ಲಿ; ನಮಗೆ ಅವಳ ಬಿಲ್ಲೆ ಇಲ್ಲ. ಎಂಟು ಮೆಷಿನ್‌ಗನ್ನುಗಳಿದ್ದರೂ ಗುಂಡು ಸಾಲುವುದು ಹದಿನೈದು ಸೆಕೆಂಡಿನಷ್ಟು ಕಾಲಕ್ಕೆ. ಪುಸ್ತಕದಲ್ಲಿ ಈ ಅಂಕಿಯನ್ನು ನಾನು ಓದಿದ್ದೆ. ಓದುವಾಗ ಅದು ಬರಿಯ ಅಂಕಿಯಾಗಿತ್ತು.

ಇಪ್ಪತ್ತು ನಿಮಿಷ ಮೇಲೇರಿ, ಮೂರು ನಿಮಿಷ ಹೋರಾಡಿ, ಇಪ್ಪತ್ತು ನಿಮಿಷ ಹಿಂದಿರುಗುವುದು ವಾಡಿಕೆ. ನಡುವೆ ಕಿವಿಯಲ್ಲಿ ಒಂದು ಹೆಣ್ಣಿನ ದನಿ. ೧೯೪೦ರಲ್ಲಿ ಕಡಲತೀರದ ರೇಡಾರ್ ಕಂಬಗಳೂ ಬೈನಾಕ್ಯುಲರ್ ಹಿಡಿದು ಆಕಾಶ ನೋಡುತ್ತಿದ್ದ ಕಾವಲುಗಾರರೂ ಕೊಟ್ಟ ಸುದ್ದಿ ಅಕ್ಸ್‌ಬ್ರಿಜ್‌ನ ನೆಲಮಾಳಿಗೆಯನ್ನು ಮುಟ್ಟುತ್ತಿತ್ತು. ಅಲ್ಲಿ ಹೆಣ್ಣುಮಕ್ಕಳು ದೊಡ್ಡ ಮೇಜಿನ ಮೇಲಿನ ನಕ್ಷೆಯಲ್ಲಿ ಉದ್ದನೆಯ ಕೋಲಿನಿಂದ ಬಿಲ್ಲೆಗಳನ್ನು ಸರಿಸುತ್ತಿದ್ದರು. ಗೋಡೆಯ ಗಡಿಯಾರಕ್ಕೆ ಐದೈದು ನಿಮಿಷಕ್ಕೊಂದರಂತೆ ಕೆಂಪು, ಹಳದಿ, ನೀಲಿ ಬಣ್ಣ. ಸುದ್ದಿ ಬಂದ ಕಾಲದ ಬಣ್ಣವೇ ನಕ್ಷೆಯ ಬಾಣಕ್ಕೂ. ಬಣ್ಣ ಹಳತಾದರೆ ಸುದ್ದಿಯೂ ಹಳತು. ಇತಿಹಾಸದ ಅಧ್ಯಾಪಕರಿಗೆ ಇಂಥದೊಂದು ಗಡಿಯಾರವಿದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸೆಪ್ಟೆಂಬರ್ ೧೫ರಂದು ಅಲ್ಲಿಗೆ ಬಂದಿದ್ದ ಚರ್ಚಿಲ್, ಮೀಸಲು ಪಡೆ ಎಷ್ಟಿದೆಯೆಂದು ಕೀತ್ ಪಾರ್ಕ್‌ನನ್ನು ಕೇಳಿ, ಏನೂ ಉಳಿದಿಲ್ಲವೆಂಬ ಉತ್ತರವನ್ನು ಪಡೆದದ್ದು ಪ್ರಸಿದ್ಧವಾದ ಸಂಗತಿ. ನಮ್ಮ ಆಟದಲ್ಲಿ ಆ ನೆಲಮಾಳಿಗೆಯ ಕೆಲಸವನ್ನು ಒಬ್ಬ ಹೆಂಗಸು ಮಾಡುತ್ತಾಳೆ. ಅವಳು ಹಾರುವುದಿಲ್ಲ, ನೋಡುತ್ತಾಳೆ, ಹೇಳುತ್ತಾಳೆ. ಅವಳು 'ಏಂಜೆಲ್ಸ್ ಹದಿನೆಂಟು' ಎಂದರೆ ಹದಿನೆಂಟು ಸಾವಿರ ಅಡಿ ಎತ್ತರ. ಅದು ಅಂದಿನ ವೈಮಾನಿಕರ ಭಾಷೆ.

ಎದುರು ಪಕ್ಷದವರು ಯಾರೆಂದು ವಾಚಕರು ಕೇಳಬಹುದು, ನಾನೂ ಕೇಳಿದೆ. ಯಾರಾದರೂ ಜರ್ಮನರಾಗಲೇಬೇಕಲ್ಲ! ಬಯಲಾಟದಲ್ಲಿ ಒಬ್ಬ ದುರ್ಯೋಧನನ ವೇಷ ಕಟ್ಟದಿದ್ದರೆ ಭೀಮನಿಗೆ ಕೆಲಸವಿಲ್ಲ. ಆಟ ಮುಗಿದ ಮೇಲೆ ಬಣ್ಣ ಒರೆಸಿಕೊಂಡು ಇಬ್ಬರೂ ಒಂದೇ ಒಲೆಯ ಮುಂದೆ ಕುಳಿತು ಕಾಫಿ ಕುಡಿಯುತ್ತಾರೆ. ಇಲ್ಲಿಯೂ ಅಷ್ಟೆ. ಮೆಸ್ಸರ್‌ಶ್ಮಿಟ್ ಹಾರಿಸುವವರಲ್ಲಿ ಆಂಗ್ಲರಿದ್ದಾರೆ. ನಮ್ಮ ಪಡೆಯಲ್ಲಿ ಒಬ್ಬ ಜರ್ಮನ್ನನಿದ್ದಾನೆ, ಬಹಳ ಮಿತಭಾಷಿ. ಆದರೂ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಬಯಲಾಟದಲ್ಲಿ ಬೆಳಗಿನ ಜಾವಕ್ಕೆ ಯಾರ ತೊಡೆ ಮುರಿಯಬೇಕೆಂಬುದು ಮೊದಲೇ ಗೊತ್ತು. ಇಲ್ಲಿ ಗೊತ್ತಿಲ್ಲ. ಹಿಂದೊಮ್ಮೆ ನಡೆದ ದಂಡಯಾತ್ರೆಯಲ್ಲಿ ಜರ್ಮನರೇ ಗೆದ್ದರೆಂದು ಶಿಷ್ಯ ಹೇಳಿದಾಗ, ಅದು ಆಟವೆಂದು ತಿಳಿದೂ ನನಗೆ ಸಂಕಟವಾಯಿತು. ಯಾವುದಕ್ಕಾಗಿ ಆ ಯುದ್ಧ ನಡೆಯಿತೆಂಬುದು ಈ ಆಕಾಶದಲ್ಲಿ ಎಲ್ಲಿಯೂ ಬರೆದಿಲ್ಲ. ಇದೊಂದು ಕೊರತೆ, ದೊಡ್ಡ ಕೊರತೆ. ಮೋಡವನ್ನೂ ಮೊಳೆಯನ್ನೂ ಇಷ್ಟು ನಿಷ್ಠೆಯಿಂದ ಚಿತ್ರಿಸಿದವರ ಲೋಕದಲ್ಲಿ ವಾರ್ಸಾ ಇಲ್ಲ.

ಈಗ ಆ ರಾತ್ರಿಯ ವಿಷಯ.

ಹನ್ನೊಂದನೆಯ ವಾರ. ಶಿಷ್ಯ ಮುಂದಾಳು, ನಾನು ಅವನ ಜೊತೆಗಾರ. ಜೊತೆಗಾರನ ಕರ್ತವ್ಯ ಒಂದೇ, ಮುಂದಾಳಿನ ಬೆನ್ನನ್ನು ಕಾಯುವುದು. ಮುಂದಾಳು ಮುಂದೆ ನೋಡುತ್ತಾನೆ. ಹಿಂದೆ ನೋಡುವವನು ಜೊತೆಗಾರ. ಕೆಂಟ್ ಪ್ರಾಂತದ ಮೇಲೆ ಹದಿನೆಂಟು ಸಾವಿರ ಅಡಿಯಲ್ಲಿ ಇಪ್ಪತ್ತೈದು ನಿಮಿಷ ಕಾದು, ಒಂದು ಬಾಂಬರ್ ಗುಂಪಿನ ಮೇಲೆ ಎರಗಿ, ಮತ್ತೆ ಮೇಲೇರುತ್ತಿದ್ದೆವು. ಒಂದು ನಿಮಿಷದ ಹಿಂದೆ ಮೂವತ್ತು ವಿಮಾನಗಳಿದ್ದ ಆಕಾಶದಲ್ಲಿ ಈಗ ಒಂದೂ ಇಲ್ಲ. ಆ ಕಾಲದ ವೈಮಾನಿಕರನೇಕರು ಈ ಬೆರಗನ್ನು ಬರೆದಿಟ್ಟಿದ್ದಾರೆ: ತುಂಬಿದ ಆಕಾಶ ಒಮ್ಮೆಗೇ ಬರಿದಾಗುವುದು. ಇಂಗ್ಲಿಷಿನಲ್ಲಿ ಮಾತಾಡುವುದು ಪಡೆಯ ಪದ್ಧತಿ, ಶಿಷ್ಯ ಅದನ್ನು ಮರೆತು ಕನ್ನಡದಲ್ಲಿ, "ಸಾರ್, ನನ್ನ ಹಿಂದೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದ. ಏರುವಾಗ ಎಂಜಿನ್ ಕಾಯುತ್ತದೆ. ನನ್ನ ಕಣ್ಣು ಉಷ್ಣಮಾಪಕದ ಮುಳ್ಳಿನ ಮೇಲಿತ್ತು. ತಲೆಯೆತ್ತಿ, ಅವನಿರುವ ಕಡೆ ಒಮ್ಮೆ ಕಣ್ಣು ಹಾಯಿಸಿ, "ಯಾರೂ ಇಲ್ಲಪ್ಪ, ನಿಶ್ಚಿಂತೆಯಿಂದ ಹೋಗು" ಎಂದೆ.

ತರಗತಿಯಲ್ಲಿ ಉತ್ತರ ಹೇಳುವ ದನಿಯಲ್ಲಿಯೇ ಹೇಳಿರಬೇಕು.

ಮತ್ತೆ ನೋಡಿದಾಗ ಅವನಿರಲಿಲ್ಲ. ಹೊಗೆಯ ಒಂದು ಎಳೆ ಕೆಳಗೆ ಬಾಗಿ ಹೋಗಿತ್ತು. ಹೆಸರು ಹಿಡಿದು ಕೂಗಿದೆ, ಉತ್ತರವಿಲ್ಲ. ಸತ್ತವನು ಮಾತಾಡಬಾರದೆಂಬುದೂ ಒಂದು ಕಟ್ಟಳೆ. ಅವನು ಕಟ್ಟಳೆ ಮೀರುವವನಲ್ಲ. ಇಪ್ಪತ್ತು ನಿಮಿಷ ಒಬ್ಬನೇ ಹಾರಿ ಹಿಂದಿರುಗಿದೆ. ಅವನು ತನ್ನ ಮನೆಯಲ್ಲಿ ಸುಖವಾಗಿ ಕುಳಿತಿದ್ದಾನೆ, ಬಹುಶಃ ಊಟಕ್ಕೆ ಏಳುತ್ತಿದ್ದಾನೆ ಎಂದು ನನಗೆ ಚೆನ್ನಾಗಿ ತಿಳಿದಿತ್ತು. ತಿಳಿದದ್ದರಿಂದ ಪ್ರಯೋಜನವಾಗಲಿಲ್ಲ. ಇಳಿದು ಎಂಜಿನ್ ನಿಲ್ಲಿಸಿದ ಮೇಲೆಯೂ ಬಹಳ ಹೊತ್ತು ಹೆಡ್‌ಫೋನ್ ತೆಗೆಯಲಿಲ್ಲ.

ಮರುದಿನ ಅವನೇ ಫೋನ್ ಮಾಡಿದ. "ಹೋಗ್ಲಿ ಬಿಡಿ ಸಾರ್, ಹನ್ನೊಂದು ವಾರ ಬದುಕಿದ್ದೇ ಹೆಚ್ಚು" ಎಂದು ನಕ್ಕ. ಆಮೇಲೆ, "ದಾಖಲೆ ನೋಡಿ, ತಮಾಷೆಯಾಗಿದೆ" ಎಂದ. ಈ ಆಟದ ವಿಚಿತ್ರವೇ ಅದು. ಯಾರು ಎಲ್ಲಿದ್ದರು, ಯಾವ ಗುಂಡು ಯಾವ ವಿಮಾನಕ್ಕೆ ತಗಲಿತು ಎಂಬುದನ್ನು ಯಂತ್ರ ಬರೆದಿಡುತ್ತದೆ. ನಡೆದುದನ್ನು ಮತ್ತೆ ಪರದೆಯ ಮೇಲೆ ನಡೆಯಿಸಿ ನೋಡಬಹುದು. ಬೇಕಾದವರ ವಿಮಾನದಲ್ಲಿ ಕುಳಿತು ನೋಡಬಹುದು. ದೂರದ ತಂತಿಯಲ್ಲಿ ಸೆಕೆಂಡಿನ ಒಂದಂಶ ವ್ಯತ್ಯಾಸವಾಗುವುದುಂಟು. ಮೈಸೂರಿನ ಆಕಾಶವೂ ಲಂಡನ್ನಿನ ಆಕಾಶವೂ ಕೂದಲೆಳೆಯಷ್ಟು ಬೇರೆ. ಅಷ್ಟನ್ನು ಬಿಟ್ಟರೆ ಇದು ವ್ಯಾಸರು ಸಂಜಯನಿಗೆ ಕೊಟ್ಟ ದಿವ್ಯದೃಷ್ಟಿಯೇ ಸರಿ. ನಾನು ಜರ್ಮನ್ ವಿಮಾನದಲ್ಲಿ ಕುಳಿತು ನೋಡಿದೆ. ನಾನು "ಯಾರೂ ಇಲ್ಲ" ಎಂದ ಗಳಿಗೆಯಲ್ಲಿ ಅವನು ನನ್ನ ಶಿಷ್ಯನ ಬಾಲದ ಕೆಳಗೆ, ಮುನ್ನೂರು ಗಜದಲ್ಲಿದ್ದ. ಅವನ ಗಾಜಿನಲ್ಲಿ ನಮ್ಮಿಬ್ಬರ ವಿಮಾನಗಳೂ ಕಾಣುತ್ತಿದ್ದವು. ನನ್ನದು ಎಷ್ಟು ನೆಟ್ಟಗೆ, ಎಷ್ಟು ನಿರಾತಂಕವಾಗಿ ಹಾರುತ್ತಿತ್ತು! ಏಳು ಸೆಕೆಂಡು ಕಳೆಯಿತು. ಅವನು ಗುಂಡು ಹಾರಿಸಿದ.

ನಾನು ಸುಳ್ಳು ಹೇಳಿರಲಿಲ್ಲ. ಕಾಣದಿದ್ದುದನ್ನು ಇಲ್ಲವೆಂದಿದ್ದೆ. ಮೂವತ್ತೊಂದು ವರ್ಷ ಸಾಕ್ಷ್ಯವನ್ನು ಹೇಗೆ ತೂಗಬೇಕೆಂದು ಹುಡುಗರಿಗೆ ಹೇಳಿಕೊಟ್ಟವನು, ಒಬ್ಬ ಹುಡುಗ ಪ್ರಾಣದ ಪ್ರಶ್ನೆ ಕೇಳಿದಾಗ ಹೀಗೆ ಸಾಕ್ಷಿ ನುಡಿದೆ.

ಸೆಪ್ಟೆಂಬರ್ ೧೫ರ ಲೆಕ್ಕ ನನಗೆ ಅರ್ಥವಾದದ್ದು ಆಗ. ಆ ದಿನ ೧೮೫ ಜರ್ಮನ್ ವಿಮಾನಗಳನ್ನು ಉರುಳಿಸಿದೆವೆಂದು ಬ್ರಿಟನ್ ಸಾರಿತು. ಪತ್ರಿಕೆಗಳು ದಪ್ಪಕ್ಷರದಲ್ಲಿ ಅಚ್ಚುಹಾಕಿದವು. ಯುದ್ಧಾನಂತರ ಜರ್ಮನರ ಕಡತಗಳನ್ನು ನೋಡಿದಾಗ ನಿಜವಾಗಿ ಬಿದ್ದವು ಸುಮಾರು ೬೦. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ತರಗತಿಯಲ್ಲಿ ೧೮೫ ಎಂದೇ ಹೇಳಿದ್ದುಂಟು. ನಿಜ ತಿಳಿದ ಮೇಲೆ 'ಯುದ್ಧಕಾಲದ ಪ್ರಚಾರ' ಎಂದು ಒಂದು ಮಾತು ಸೇರಿಸಿ ಮುಂದೆ ಹೋಗುತ್ತಿದ್ದೆ. ಪ್ರಚಾರವೂ ಇತ್ತು, ನಿಜ. ಆದರೆ ಆ ಲೆಕ್ಕ ಹುಟ್ಟಿದ್ದು ಇಪ್ಪತ್ತರ ಆಸುಪಾಸಿನ ಹುಡುಗರ ಬಾಯಿಂದ. ಒಂದೇ ವಿಮಾನದ ಮೇಲೆ ಐವರು ಗುಂಡು ಹಾರಿಸಿದರು. ಅದು ಬಿದ್ದಾಗ ಐವರೂ ತಮ್ಮದೆಂದು ಕಂಡರು. ಮೆಸ್ಸರ್‌ಶ್ಮಿಟ್ ಪೂರ್ಣವೇಗದಲ್ಲಿ ಧುಮುಕುವಾಗ ಕಪ್ಪು ಹೊಗೆ ಉಗುಳುತ್ತದೆ, ಬೆಂಕಿ ಬಿತ್ತೆಂದುಕೊಂಡರು. ನಿಂತು ನೋಡಿದವನು ಸಾಯುತ್ತಿದ್ದ. ಆದುದರಿಂದ ಯಾರೂ ನಿಂತು ನೋಡಲಿಲ್ಲ. ಅವರ ಕಾಳಗಕ್ಕೆ ಸಂಜಯನಿರಲಿಲ್ಲ.

ಇದನ್ನು ಯೋಚಿಸುತ್ತಿರುವಾಗ ನನ್ನ ಮನಸ್ಸು ಇಂಗ್ಲೆಂಡನ್ನು ಬಿಟ್ಟು ಕೊಡಗಿಗೆ ಹೋಯಿತು. ನನ್ನ ಮೊದಲ ನೌಕರಿ ಮಡಿಕೇರಿಯಲ್ಲಿ, ೧೯೮೮ರಲ್ಲಿ. ಆ ವರ್ಷ ಅಲ್ಲಿಯ ಜನರ ಬಾಯಲ್ಲಿ ಒಂದೇ ಹೆಸರು: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಮಹಾವೀರ ಚಕ್ರ ಅವರಿಗೆ ಬಂದದ್ದು ಆ ವರ್ಷ. ಅವರು ಮಡಿದದ್ದು ೧೯೬೫ರ ಸೆಪ್ಟೆಂಬರ್ ೭ರಂದು. ನಡುವೆ ಇಪ್ಪತ್ತಮೂರು ವರ್ಷ. ಅಂದು ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಮೀಸಲಿನಲ್ಲಿದ್ದವರು, ಒಬ್ಬರ ಸ್ಥಾನ ತೆರವಾದಾಗ ಸೇರಿಕೊಂಡರು. ದಾಳಿ ಮುಗಿಸಿ ಉಳಿದವರು ಹಿಂದಿರುಗಿದರು, ಅವರು ಹಿಂದಿರುಗಲಿಲ್ಲ. ಏನಾಯಿತೆಂದು ಹೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ, ಏಕೆಂದರೆ ಕಂಡವರಿರಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಒಂದು ಹೆಸರು, ಅಷ್ಟೆ. ೧೯೭೯ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧವನ್ನು ಕುರಿತು ಪುಸ್ತಕ ಬರೆದ. ವೇಗದಲ್ಲಿ ಮಿಸ್ಟೇರ್ ಸಾಟಿಯೇ ಆಗದ ಒಂದು ಸ್ಟಾರ್‌ಫೈಟರ್, ಅಂದು ಒಂದು ಮಿಸ್ಟೇರನ್ನು ಅಟ್ಟಿಸಿಕೊಂಡು ಹೋಗಿ, ಅದರೊಡನೆ ತಗ್ಗಿನಲ್ಲಿ ಹೆಣಗಿ, ತಾನೇ ಉರುಳಿತೆಂಬುದು, ಅದರ ವೈಮಾನಿಕ ಪ್ಯಾರಾಷೂಟಿನಲ್ಲಿ ಉಳಿದನೆಂಬುದು ಅದರಿಂದ ತಿಳಿಯಿತು. ಹಿಂದಿರುಗಿದ ಯಾರೂ ಹಾಗೆ ಹೋರಾಡಿರಲಿಲ್ಲ. ಹಿಂದಿರುಗದಿದ್ದವರು ಒಬ್ಬರೇ.

ನಮ್ಮವರ ಶೌರ್ಯಕ್ಕೆ ಸಾಕ್ಷಿ ಬಂದದ್ದು ಎದುರಿನ ವಿಮಾನದಿಂದ. ಮಡಿಕೇರಿಯಲ್ಲಿ ಈ ಮಾತು ಕೇಳಿದಾಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಕಥೆ ಕೇಳಿ ರೋಮಾಂಚನವಾಯಿತು. ಆ ಇಪ್ಪತ್ತಮೂರು ವರ್ಷಗಳ ಬಗೆಗೆ ಏನೂ ಅನ್ನಿಸಲಿಲ್ಲ. ಈಗ ಅನ್ನಿಸುತ್ತದೆ. ಒಂದು ಮನೆಯಲ್ಲಿ ಅಷ್ಟು ವರ್ಷ, ಏನಾಯಿತೆಂಬ ಪ್ರಶ್ನೆ ಉತ್ತರವಿಲ್ಲದೆ ಇದ್ದಿತಲ್ಲ! ನನಗೋ ಬರಿಯ ಆಟದಲ್ಲಿ, ಬದುಕಿರುವ ಹುಡುಗನ ವಿಷಯದಲ್ಲಿ, ಒಂದು ರಾತ್ರಿ ಕಳೆಯುವುದು ಕಷ್ಟವಾಗಿತ್ತು. ಬೆಳಗಾಗುವುದರೊಳಗೆ ಯಂತ್ರ ಸೆಕೆಂಡು ಸೆಕೆಂಡಿನ ಲೆಕ್ಕ ಒಪ್ಪಿಸಿತು. ಏನೂ ಹೋಗದಿದ್ದ ಕಡೆ ಎಲ್ಲದಕ್ಕೂ ಸಾಕ್ಷಿಯಿದೆ. ಎಲ್ಲವೂ ಹೋದ ಕಡೆ ಸಾಕ್ಷಿಯಿರಲಿಲ್ಲ.

ರನ್ನನ ದುರ್ಯೋಧನನನ್ನು ಓದಿದವರಿಗೆ ಎದುರು ಪಕ್ಷದಲ್ಲಿ ಕುಳಿತು ನೋಡುವುದು ಹೊಸದಲ್ಲ. ನಮ್ಮ ಕವಿಗಳು ಅದನ್ನು ಸಾವಿರ ವರ್ಷದ ಹಿಂದೆಯೇ ಮಾಡಿದರು. ಆ ಜರ್ಮನ್ ವಿಮಾನದಲ್ಲಿ ಕುಳಿತು ನನ್ನ ಬೆನ್ನನ್ನು ನಾನೇ ನೋಡಿಕೊಂಡ ಮೇಲೆ ಅವರ ಧೈರ್ಯ ಎಂಥದೆಂದು ಸ್ವಲ್ಪ ತಿಳಿಯಿತು. ಅದನ್ನು ಹಾರಿಸುತ್ತಿದ್ದವನು, ಆಮೇಲೆ ತಿಳಿದಂತೆ, ನನ್ನ ಹಾಗೆಯೇ ಒಬ್ಬ ನಿವೃತ್ತ ಉಪಾಧ್ಯಾಯ. ಶಿಷ್ಯನಿಗೆ ಸಂತಾಪಸೂಚಕ ಪತ್ರ ಬರೆದಿದ್ದನಂತೆ.

ಮುಂದಿನ ಭಾನುವಾರ ಶಿಷ್ಯ ಹೊಸ ಹೆಸರಿನಲ್ಲಿ ಬಂದ. ಹೊಸಬನಾದುದರಿಂದ ಈಗ ಅವನು ಜೊತೆಗಾರ, ನಾನು ಮುಂದಾಳು; ಕಟ್ಟಳೆ ಹಾಗಿದೆ. ಬೇಡವೆಂದೆ, ಪಡೆಯವರು ಒಪ್ಪಲಿಲ್ಲ. ಕಡಲ್ಗಾಲುವೆಯ ಕಡೆ ಏರುತ್ತಿರುವಾಗ, ಕೇಳಬಾರದೆಂದುಕೊಂಡಿದ್ದರೂ, ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಉತ್ತರ ತಡವಾಯಿತು. ತಿರುಗಿ ನೋಡಿದರೆ ಅವನ ವಿಮಾನ ಒಂದು ರೆಕ್ಕೆಯನ್ನು ತಗ್ಗಿಸಿ ಕೆಳಗೆ ನೋಡಿತು; ಇನ್ನೊಂದು ರೆಕ್ಕೆಯನ್ನು ತಗ್ಗಿಸಿ ಆ ಕಡೆಯೂ ನೋಡಿತು.

"ನೋಡ್ತಾ ಇದ್ದೀನಿ ಸಾರ್" ಎಂದ. "ಸ್ವಲ್ಪ ತಾಳಿ."